ಹಿತ್ತಲ ಗೂಡಿನ ಬಟ್ಟಲು

ಹಿಂದಿನಿಂದ ಹಿಡಿದ ಟಾರ್ಚಿನ ಬೆಳಕು ತಾಟಿನ ಈಚೆಗೆ ಒಂದು ಚೂರೂ ಹಾಯಲಿಲ್ಲ. ತಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ ಅನ್ನುವುದು ಶಂಭುಲಿಂಗನಿಗೆ ಆಗ ಗೊತ್ತಾಯಿತು. ಪಡಸಾಲೆಯ ಗಾಜಿನ ಕಪಾಟಿನಲ್ಲಿ, ತೀರಿಕೊಂಡ ಅಪ್ಪ ವಿರೂಪಾಕ್ಷಪ್ಪನ ಫೋಟೋದ ಕೆಳಗೆ, ಅವನಿಗೆ ಬುದ್ಧಿ ತಿಳಿದಾಗಿನಿಂದ ನಿಂತೇ ಇದ್ದ ತಾಟು ಅದು. ಬಿಳಿಯ ಮೇಲೆ ನೀಲಿ ಸೇತುವೆ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ. ಅಪ್ಪ ಮುಂಬೈಗೆ ಮೆಣಸಿನಕಾಯಿ ಕಳಿಸುತ್ತಿದ್ದ ಕಾಲದಲ್ಲಿ ಅಲ್ಲಿಂದ ತಂದದ್ದು. 'ಚೀನಾದ ರಾಜರ ಕಾಲದ್ದು' ಎಂದು ಬ್ಯಾಡಗಿಗೆ ಬಂದ ಪ್ರತಿಯೊಬ್ಬ ದೊಡ್ಡ ಗಿರಾಕಿಗೂ ಅಪ್ಪ ಹೇಳುತ್ತಿದ್ದ. ಅಪ್ಪನ ನಂತರ ದಲಾಲಿ ಅಂಗಡಿಯ ಜೊತೆಗೆ ಆ ಮಾತೂ ಶಂಭುಲಿಂಗನ ಪಾಲಿಗೆ ಬಂದಿತ್ತು. ಈಗ ಅದನ್ನು ಹಿಡಿದು ನಿಂತವಳು ಹೆಂಡತಿ ಸುರೇಖಾಳ ಅಣ್ಣನ ಮಗಳು ಸ್ನೇಹಾ. ಮುಂಬೈಯಲ್ಲಿ ಹಳೆಯ ಸಾಮಾನು ಲಿಲಾವು ಮಾಡುವವರ ಕಡೆ ಕೆಲವು ವರ್ಷ ಕೆಲಸ ಮಾಡಿ, ಈಗ ರಾಣೇಬೆನ್ನೂರಿನ ಮನೆಯಲ್ಲೇ ಇದ್ದುಕೊಂಡು ಪಿಂಗಾಣಿ ಸಾಮಾನುಗಳನ್ನು ಗುರುತಿಸಿ ಬೆಲೆ ಕಟ್ಟಿ ಹೇಳುವ ಹುಡುಗಿ. ರವಿವಾರ ಊಟಕ್ಕೆ ಬಾ, ಹಂಗ ನಮ್ಮ ತಾಟನ್ನೂ ನೋಡಿದಂಗ ಆಗತೈತಿ ಎಂದು ಕರೆದವನು ಅವನೇ.

"ಬೆಳಕು ಹಾಯಬೇಕಾಗಿತ್ತು ಮಾಮಾ," ಎಂದಳು ಸ್ನೇಹಾ.

"ದಪ್ಪ ಐತಲ್ಲ, ಅದಕ್ಕ."

"ದಪ್ಪದ ಸಲುವಾಗಿ ಅಲ್ಲರಿ, ಮಣ್ಣ ಬ್ಯಾರೆ. ಚೀನಾದ ಪಿಂಗಾಣಿ ಆಗಿದ್ರ ಹಿಂದ ಹಿಡದ ನನ್ನ ಕೈಬಟ್ಟಿನ ನೆರಳು ನಿಮಗ ಕಾಣತಿತ್ತು." ಅವಳು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟಳು. "ಅಂಚಿನ ಬಳ್ಳಿ ನೋಡ್ರಿ. ಇಲ್ಲಿ ಬಂದು ಕೂಡಿಲ್ಲ. ಅಚ್ಚು ಹಾಕಿದ ಕಾಗದ ಸುತ್ತಲೂ ಅಂಟಿಸ್ಯಾರ, ಕಡೀಕ ಜಾಗ ಸಾಲದ ಕತ್ತರಿಸಿ ಬಿಟ್ಟಾರ. ಇದು ಕೈಲೆ ಬರದದ್ದಲ್ಲ. ಇಂಗ್ಲಂಡಿನ ಕಾರ್ಖಾನಿದು, ಚೀನಾದ್ದರ ಹಂಗ ಕಾಣಲಿ ಅಂತ ಮಾಡಿದ್ದು. ಚಂದ ಐತ್ರಿ, ಆದ್ರ ಅಂಥಾ ಬೆಲೆ ಇಲ್ಲ."

ಗಾಜಿನೊಳಗೆ ಬಳ್ಳಿ ದೊಡ್ಡದಾಗಿ ಕಂಡಿತು. ಅರ್ಧ ಎಲೆ, ಅದಕ್ಕೆ ಒತ್ತಿಕೊಂಡು ಅರ್ಧ ಹೂವು. ಇಷ್ಟು ವರ್ಷ ಕಣ್ಣಿಗೆ ಬೀಳದ ಆ ಕತ್ತರಿಸಿದ ಜಾಗ ಇನ್ನು ಗಾಜಿಲ್ಲದೆಯೂ ಕಾಣುತ್ತದೆ, ಇನ್ನು ಅದೊಂದೇ ಕಾಣುತ್ತದೆ ಅನ್ನಿಸಿ ಶಂಭುಲಿಂಗ ಗಾಬರಿಯಾದ. ತುಂಬಿದ ಸಭೆಯಲ್ಲಿ ಅಪ್ಪನ ಧೋತರ ಜಾರಿದ್ದನ್ನು ತಾನೊಬ್ಬನೇ ನೋಡಿದ ಹಾಗಾಯಿತು. ಅಪ್ಪನಿಗೆ ಗೊತ್ತಿತ್ತೋ, ಗೊತ್ತಿದ್ದೂ ಹೇಳುತ್ತಿದ್ದನೋ? ಕಳೆದ ದೀಪಾವಳಿಯಲ್ಲಿ ಹಾವೇರಿಯ ಬ್ಯಾಂಕಿನ ಮ್ಯಾನೇಜರನ ಮುಂದೆ ತಾನು ತಾಟಿನ ಮೇಲೆ ಬೆರಳಾಡಿಸುತ್ತ 'ಈ ಕುಂಚದ ಕೆಲಸ ನೋಡ್ರಿ' ಎಂದದ್ದು, ಆ ಮನುಷ್ಯ ತಲೆಯಾಡಿಸುತ್ತ ಒಮ್ಮೆ ಮಾತ್ರ ಕಣ್ಣು ಕಿರಿದು ಮಾಡಿದ್ದು ನೆನಪಾಗಿ ಕಿವಿ ಬಿಸಿಯಾದವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುರೇಖಾ ನಕ್ಕಳು. "ವಾರಕ್ಕೊಮ್ಮೆ ಮೆತ್ತನ ಅರಿವಿಲೆ ನಾ ಒರಸಬೇಕು, ಕೆಲಸದಾಕಿ ಮುಟ್ಟಂಗಿಲ್ಲ. ಇನ್ನ ಮ್ಯಾಲೆ ಅದರಾಗ ಉಪ್ಪಿನಕಾಯಿ ಹಾಕತೇನಿ."

ನಗುವುದಕ್ಕಿಂತ ಬೇರೆ ದಾರಿ ಇರಲಿಲ್ಲ, ನಕ್ಕ. ಸ್ನೇಹಾ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅವಳು ಬಚ್ಚಲ ಕಲ್ಲಿನ ಹತ್ತಿರ ಬಗ್ಗಿದ್ದು, ಹಾಗೇ ಬಗ್ಗಿಕೊಂಡೇ ಉಳಿದದ್ದು ಒಳಗಿನಿಂದ ಕಂಡಿತು. ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ಆಮೇಲೆ ಅವಳು ಕರೆದ ದನಿ ಹಾವನ್ನು ಕಂಡವರ ದನಿಯ ಹಾಗಿತ್ತು. "ಮಾಮಾ, ಲಗೂ ಬರ್ರಿ ಇಲ್ಲೆ."

ಹಿತ್ತಲ ಗೋಡೆಯ ಗೂಡಿನಲ್ಲಿ ತೆಂಗಿನ ನಾರು, ಸಾಬೂನಿನ ಚೂರು ಹಾಕಿಡುವ ಬಟ್ಟಲು. ಮಸಿ, ಜಿಡ್ಡು ಹತ್ತಿ ಬಣ್ಣ ಮರೆತಿದ್ದ ಬಟ್ಟಲು. ಸ್ನೇಹಾ ನಾರನ್ನು ಕೆಳಗೆ ಚೆಲ್ಲಿ ಅದನ್ನು ಕೂಸಿನ ತಲೆ ತೊಳೆಯುವ ಹಾಗೆ ಅಂಗೈಯಿಂದ ತೊಳೆಯುತ್ತಿದ್ದಳು. ಮಸಿ ಇಳಿದ ಹಾಗೆ ನೀಲಿ ಮೇಲೆದ್ದು ಬಂತು. ತಾಟಿನ ನೀಲಿಯ ಹಾಗೆ ಒಂದೇ ಸಮ ಅಲ್ಲ. ಒಂದು ಕಡೆ ಹೊಗೆಯಷ್ಟು ತೆಳು, ಗೆರೆ ನಿಂತಲ್ಲಿ ಬಣ್ಣ ಮಡುಗಟ್ಟಿ ಕಪ್ಪಿಗೆ ತಿರುಗಿದ ನೀಲಿ. ಹೊರಗೆ ಸುತ್ತಲೂ ಬಂಡೆ, ಬಿದಿರು, ಒಂದು ದೋಣಿ, ಒಳಗೆ ತಳದಲ್ಲಿ ಒಂದು ಹೂವು. ಅವಳು ಬಟ್ಟಲಿನ ಒಳಗೆ ಟಾರ್ಚು ಇಟ್ಟಳು. ಇಡೀ ಬಟ್ಟಲು ಎಳನೀರಿನ ತಿರುಳಿನ ಹಾಗೆ ಬೆಳಗಿತು, ದೋಣಿಯ ಹಿಂದೆ ಅವಳ ಬೆರಳುಗಳ ನೆರಳು ನಡೆದಾಡಿತು. ಶಂಭುಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಹಗಲು ಹೊತ್ತಿನಲ್ಲಿ, ತನ್ನದೇ ಮನೆಯ ಹಿತ್ತಲಲ್ಲಿ, ಮುಸುರೆ ತಿಕ್ಕುವ ಕಲ್ಲಿನ ಪಕ್ಕದಲ್ಲಿ, ಯಾರೋ ತನಗೆ ತಿಳಿಯದ ಹಾಗೆ ಇಷ್ಟು ದಿನ ಕೂತಿದ್ದರು ಅನ್ನುವಂಥ ಹೆದರಿಕೆ.

ಸ್ನೇಹಾ ಬಟ್ಟಲನ್ನು ಬೋರಲು ಹಾಕಿ ತಳದ ಸುತ್ತಿನ ಮೇಲೆ ಉಗುರು ಎಳೆದಳು. ಅವಳ ದನಿ ಪಾಠ ಹೇಳುವವರ ದನಿಯಾಗಿತ್ತು. "ಇಲ್ಲಿ ಹೊಳಪು ಹಾಕಿಲ್ಲ ನೋಡ್ರಿ, ಬರೇ ಮಣ್ಣು. ಹೊಳಪು ನಿಂತಲ್ಲೆ ಕೂದಲಿನಷ್ಟು ಕೆಂಪು ಗೆರಿ. ಮಣ್ಣು ಬೆಣ್ಣಿ ಇದ್ದಂಗ ಐತಿ. ನಡುವ ಎರಡು ಸುತ್ತು, ಸುತ್ತಿನೊಳಗ ಒಂದು ಎಲಿ. ರಾಜನ ಹೆಸರಿಲ್ಲ. ಇಲ್ಲದ್ದ ಛಲೋ ಆತು, ಹೆಸರು ಯಾರ ಬೇಕಾದ್ರೂ ಬರೀತಾರ, ಬಟ್ಟಲದ ತಳದ ಕಾಲು ಮಾತ್ರ ಸುಳ್ಳು ಹೇಳೂದಿಲ್ಲ." ಅಂಚಿಗೆ ಒಂದು ಸೀಳು ಇತ್ತು. ಅದನ್ನು ಅವಳು ಬೆರಳಿನಿಂದ ಸವರಿ, ನೋವಾಯಿತೇನೋ ಅನ್ನುವಂತೆ ಕೈ ತೆಗೆದಳು. "ಮುನ್ನೂರು ವರ್ಷದ ಮ್ಯಾಲಿಂದು ಮಾಮಾ. ಖರೇ ಚೀನಾದ್ದು. ಈ ಸೀಳು ಹಿಡದೂ ಆರು ಲಕ್ಷಕ್ಕ ಕಡಿಮಿ ಆಗೂದಿಲ್ಲ. ದೇಶದ ಹೊರಗ ಮಾರಾಕ ಬರೂದಿಲ್ಲ, ಸರ್ಕಾರದಾಗ ನೋಂದಣಿ ಮಾಡಸಬೇಕು. ಅದಕ್ಕ ಕೇಳತೇನಿ, ಇದು ನಿಮ್ಮ ಮನಿಗೆ ಹೆಂಗ ಬಂತು?"

"ನಮ್ಮ ಮುತ್ತ್ಯಾನ ಕಾಲದಿಂದ ಐತಿ," ಎಂದ ಶಂಭುಲಿಂಗ. "ಮೊದಲ ಪೂಜಾಕ್ಕ ಇಡತಿದ್ರು."

ಹೇಳಿದ ಮೇಲೆ ಅವನೇ ಬೆರಗಾದ. ಯೋಚಿಸಿ ಹೇಳಿದ್ದಲ್ಲ. ಬಟ್ಟಲು ಎಲ್ಲಿಯದೆಂದು ಅವನಿಗೆ ಆ ಗಳಿಗೆಯಲ್ಲಿ ನೆನಪೂ ಇರಲಿಲ್ಲ, ಆದರೂ ಸುಳ್ಳು ನಾಲಿಗೆಯ ತುದಿಯಲ್ಲಿ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಸಿದ್ಧವಾಗಿ ಕೂತಿತ್ತು. ಹಿತ್ತಲ ಬಾಗಿಲಿನ ಒಳಗೆ, ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ತಾಯಿ ನೀಲಗಂಗವ್ವ ತಲೆ ಎತ್ತಿದಳು. ಎಂಬತ್ತು ದಾಟಿದ ಮುದುಕಿಗೆ ಕಿವಿ ಮಾತ್ರ ಚುರುಕು.

"ಏನ ಪೂಜಾನೋ? ಅದು ಮಕ್ತುಮಬಿ ಬಟ್ಟಲ ಅಲ್ಲೇನು?"

ನೀಲಗಂಗವ್ವ ಬತ್ತಿ ಹೊಸೆಯುತ್ತಲೇ ಮುಂದುವರಿಸಿದಳು, ಸೊಸೆಯ ಅಣ್ಣನ ಮಗಳಿಗೆ ಮನೆಯ ರೀತಿ ತಿಳಿಸುವ ಹಾಗೆ. "ಮೆಣಸಿನಕಾಯಿ ತುಂಬು ಮುರಿಯಾಕ, ತೊಟ್ಟು ತಗಿಯಾಕ ಬರತಿದ್ಲವಾ, ಸಾಬರಾಕಿ. ಮಧ್ಯಾಹ್ನ ಊಟ ನಮ್ಮದ. ನಮ್ಮ ಬಾಂಡೆದಾಗ ಹೆಂಗ ಕೊಡೂದು? ನಿನ್ನ ಬಟ್ಟಲ ನೀನ ತಗೊಂಡ ಬಾ ಅಂದೆ. ತಂದ್ಲು. ಉಂಡು ತೊಳದು ಆ ಗೂಡಿನಾಗ ಇಡತಿದ್ಲು. ಕೆಲಸ ಬಿಟ್ಟ ಮ್ಯಾಲೆ ಅಲ್ಲೇ ಉಳೀತು."

ಸ್ನೇಹಾ ಬಟ್ಟಲನ್ನು ನಿಧಾನವಾಗಿ ಕಲ್ಲಿನ ಮೇಲೆ ಇಟ್ಟಳು. ಅವಳು ಶಂಭುಲಿಂಗನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ಅವನಿಗೆ ಕಂಡಿತು. ಟಾರ್ಚು ಪಕ್ಕದಲ್ಲಿ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಊಟಕ್ಕೆ ಕೂತವಳು ಎರಡು ರೊಟ್ಟಿಗೆ ಸಾಕೆಂದು ಎದ್ದಳು. ಹೊರಡುವಾಗ ಬಾಗಿಲಲ್ಲಿ, "ನಾ ಯಾರ ಮುಂದೂ ಹೇಳೂದಿಲ್ರಿ ಮಾಮಾ. ಆದ್ರ ನೋಂದಣಿಗೆ ಮಾಲಕರ ಹೆಸರು ಬೇಕಾಗತೈತಿ," ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಅಕಿ ಬಿಟ್ಟು ಹೋದದ್ದು. ಇಷ್ಟ ವರ್ಷ ಕೇಳಾಕ ಬಂದಿಲ್ಲ," ಎಂದಳು ಸುರೇಖಾ ಆಮೇಲೆ. "ಅಕಿ ಮನ್ಯಾಗ ಇದ್ದಿದ್ರ ಯಾವಾಗೋ ಒಡದು ಹೋಗತಿತ್ತು. ನಾವು ಇಟಗೊಂಡದ್ದಕ್ಕ ಉಳೀತು. ಬೇಕಾದ್ರ ಏನರ ಒಂದಿಷ್ಟು ಕೊಟ್ಟು ಬರ್ರಿ." ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಅವನು ಹುಡುಕಿದ. ಹುಡುಕಿದಷ್ಟೂ ಮಾತು ಸರಿಯಾಗಿ ಕಾಣುತ್ತ ಹೋಯಿತು. ಯಾರು ಆ ಮಕ್ತುಮಬಿ? ಒಂದು ಹಸಿರು ಸೀರೆ, ತಲೆಯ ಮೇಲೆ ಸೆರಗು, ಖಾರಕ್ಕೆ ಕೆಂಪಾದ ಬೆರಳುಗಳು, ಘಾಟು ಹತ್ತಬಾರದೆಂದು ಮೂಗಿಗೆ ಕಟ್ಟಿದ ಅರಿವೆ. ಮುಖ ಮಾತ್ರ ನೆನಪಿಗೆ ಬರಲೊಲ್ಲದು. ಅರಿವೆಯ ಮೇಲಿನ ಎರಡು ಕಣ್ಣು ಅಷ್ಟೇ.

ಮರುದಿನ ಮುಂಜಾನೆ ಮಾರ್ಕೆಟ್ಟಿನಲ್ಲಿ ಚೀಲಗಳು ಇಳಿಯುತ್ತಿದ್ದಾಗ ಹಳೆಯ ಹಮಾಲಿ ಶಮಶೇರಸಾಬನನ್ನು ಹತ್ತಿರ ಕರೆದು, ಬೇರೆ ಏನೋ ಮಾತಿನ ನಡುವೆ ಕೇಳಿದ ಹಾಗೆ ಕೇಳಿದ. "ನಮ್ಮ ಮನಿಗೆ ತುಂಬು ಮುರಿಯಾಕ ಬರತಿದ್ಲಲ್ಲ, ಮಕ್ತುಮಬಿ, ಅಕಿ..."

"ಅದಾಳಲ್ರಿ ಸಾವಕಾರ್ರ! ಗಟ್ಟಿ ಅದಾಳ. ಕಣ್ಣಷ್ಟ ಮಂದ ಆಗ್ಯಾವ. ರಾಣೇಬೆನ್ನೂರಾಗ ಮೊಮ್ಮಗಳ ಕಡೆ ಇರತಾಳ, ಬೇನಜೀರ ಅಂತ, ಸಾಲಿ ಟೀಚರು."

ಶಮಶೇರಸಾಬ ಮನೆಯ ಗುರುತು ಹೇಳುತ್ತಿದ್ದ. ಶಂಭುಲಿಂಗನಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. 'ಅದಾಳ' ಅನ್ನುವ ಮಾತು ಕೇಳಿದ ಕೂಡಲೇ ತನ್ನೊಳಗೆ ಏನೋ ಕುಸಿದದ್ದು ಅವನಿಗೆ ತಿಳಿದಿತ್ತು. ಅಂದರೆ ತಾನು ಇನ್ನೊಂದು ಉತ್ತರಕ್ಕೆ ಕಿವಿ ಒಡ್ಡಿ ನಿಂತಿದ್ದೆ. ರಾತ್ರಿಯೆಲ್ಲ ಒಬ್ಬ ಮುದುಕಿಯ ಸಾವನ್ನು ಹಂಬಲಿಸುತ್ತ ಮಲಗಿದ್ದೆ. ಮೆಣಸಿನಕಾಯಿಯ ಘಾಟಿಗೆ ಸುತ್ತ ನಾಲ್ಕು ಮಂದಿ ಸೀನುತ್ತಿದ್ದರು. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಬೆಳೆದ ಅವನ ಕಣ್ಣಲ್ಲೂ ನೀರು ಬಂತು. ಮನೆ ಎಲ್ಲಿ ಎಂದು ಎರಡನೆಯ ಸಲ ಕೇಳಿ ತಿಳಿದುಕೊಂಡ.

ಬಟ್ಟಲನ್ನು ಟವಲಿನಲ್ಲಿ ಸುತ್ತಿ, ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಹೊರಟ. ಕೊಟ್ಟು ಬರಲು ಹೊರಟಿದ್ದೇನೆ ಎಂದು ಸುರೇಖಾಗೆ ಹೇಳಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ. ಮೊದಲು ನೋಡೋಣ, ಅವಳಿಗೆ ನೆನಪಿದೆಯೋ ಇಲ್ಲವೋ. ನೆನಪಿಲ್ಲದವಳಿಗೆ ಕೊಟ್ಟರೆ ಅದು ಕೊಟ್ಟ ಹಾಗೂ ಆಗುವುದಿಲ್ಲ. ತಗ್ಗು ಬಂದಲ್ಲೆಲ್ಲ ಒಂದು ಕೈ ತಾನಾಗಿ ಪಕ್ಕದ ಸೀಟಿಗೆ ಹೋಗುತ್ತಿತ್ತು, ಕೂಸನ್ನು ಹಿಡಿದ ಹಾಗೆ. ಕದರಮಂಡಲಗಿಯಲ್ಲಿ ಹನುಮಪ್ಪನ ಗುಡಿಯ ಮುಂದೆ ಕಾರು ನಿಲ್ಲಿಸಿದ. ಈ ದಾರಿಯಲ್ಲಿ ಹೋಗುವಾಗ ಇಳಿದು ಕೈಮುಗಿಯದೆ ಹೋದವನಲ್ಲ. ಇಂದು ಕಾರಿನಲ್ಲೇ ಕೂತು ಕಣ್ಣು ಮುಚ್ಚಿದ, ಆಗ ಮನಸ್ಸು 'ಅಕಿ ಮರೆತಿರಲಿ' ಎಂದು ಬೇಡಿಕೊಂಡದ್ದನ್ನು ತಾನೇ ಕೇಳಿಸಿಕೊಂಡು ಬೆಚ್ಚಿ ಕಣ್ಣು ತೆರೆದ. ಹೂವು ಮಾರುವ ಹೆಂಗಸು ಕಿಟಕಿಯ ಗಾಜು ತಟ್ಟಿ ಟವಲಿನ ಗಂಟಿನ ಕಡೆ ನೋಡುತ್ತ, "ದೇವರಿಗೇನ್ರಿ?" ಎಂದಳು. ಹೌದು ಎಂದೋ ಅಲ್ಲ ಎಂದೋ ತಲೆಯಾಡಿಸಿ ಕಾರು ಬಿಟ್ಟ.

ರಾಣೇಬೆನ್ನೂರಿನ ಆ ಓಣಿಯಲ್ಲಿ ಮನೆ ಸಣ್ಣದು, ಒಳಗೆ ನೆಲ ತಣ್ಣಗೆ ಒರೆಸಿತ್ತು. ಬಾಗಿಲು ತೆರೆದವಳು ಬೇನಜೀರ. ಶಾಲೆಗೆ ರಜೆ ಇತ್ತೋ ಏನೋ, ಮನೆಯಲ್ಲೇ ಇದ್ದಳು. ಮೂವತ್ತರ ಆಸುಪಾಸಿನ, ನೇರವಾಗಿ ನೋಡುವ ಹೆಂಗಸು. ಬ್ಯಾಡಗಿಯ ವಿರೂಪಾಕ್ಷಪ್ಪನವರ ಮಗ ಎಂದು ಅವನು ಹೇಳಿಕೊಂಡ. ಒಳಗಿನಿಂದ ಒಂದು ದನಿ, "ಯಾರು, ಶಂಭಣ್ಣನೇನ? ಬಾರಪಾ, ಬಾ, ಕುಂದರು," ಎಂದಿತು. ಮುದುಕಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೂಗಿನ ಮೇಲೆ ಅರಿವೆ ಇಲ್ಲದ ಈ ಮುಖವನ್ನು ತಾನು ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ಅವಳು ಅವನ ಹೆಂಡತಿಯನ್ನು, ಮಕ್ಕಳನ್ನು, ಈ ಸಲದ ಮೆಣಸಿನಕಾಯಿಯ ಬಣ್ಣವನ್ನು ಕೇಳಿದಳು. ಅವ್ವನನ್ನು ಕೊನೆಗೆ ಕೇಳಿದಳು. ಅವನು ಟವಲು ಬಿಚ್ಚಿ ಬಟ್ಟಲನ್ನು ಅವಳ ಮುಂದೆ ಇಟ್ಟ. "ಹಿತ್ತಲ ಸ್ವಚ್ಛ ಮಾಡಸಾಕತ್ತಿದ್ದೆ. ಇದು ಸಿಕ್ತು. ನಿಂದು ಅಂದ್ಲು ಅವ್ವ."

ಮಕ್ತುಮಬಿಯ ಕೈ ಬಟ್ಟಲಿನ ಅಂಚಿನ ಮೇಲೆ ಸುತ್ತಿ ಬಂದು ಸೀಳಿನ ಮೇಲೆ ನಿಂತಿತು. "ನಂದ," ಎಂದಳು. "ಇದು ನಮ್ಮವ್ವ ಸವಣೂರಿಂದ ತಂದದ್ದು. ಅಕಿ ಮುತ್ತ್ಯಾ ಅಲ್ಲೆ ನವಾಬರ ಮನ್ಯಾಗ ಅಡಗಿ ಮಾಡತಿದ್ನಂತ. ಲಗ್ನದಾಗ ನನಗ ಕೊಟ್ಟಿದ್ಲು." ಎಲ್ಲ ಮುಗಿಯಿತು ಎಂದುಕೊಂಡ ಶಂಭುಲಿಂಗ. ಇಷ್ಟೇ ಇತ್ತು. ಕೊಟ್ಟೆ, ಅವಳು ತೆಗೆದುಕೊಂಡಳು. ಬೆಲೆಯ ಮಾತು ಇನ್ನು ಹೇಳಬೇಕು, ಹೇಳುತ್ತೇನೆ, ಎದ್ದು ಹೊರಡುವಾಗ ಹೇಳುತ್ತೇನೆ. ಇಲ್ಲವಾದರೆ ಸ್ನೇಹಾಳ ಕೈಯಲ್ಲಿ ಹೇಳಿ ಕಳಿಸಬಹುದು. ಹೇಳದಿದ್ದರೂ ಬಟ್ಟಲು ಅವಳದು ಅವಳಿಗೆ ಸೇರಿತಲ್ಲ. ಹೇಳದೆ ಹೋಗಿ, ಒಂದು ತಿಂಗಳು ಬಿಟ್ಟು ಬಂದು, ಹಳೆಯ ನೆನಪಿಗೆ ಇರಲಿ ಎಂದು ಇಷ್ಟು ಕೊಟ್ಟು ಬಟ್ಟಲನ್ನು ಕೇಳಿದರೆ... ಇದನ್ನು ಯೋಚಿಸುತ್ತಿರುವವನು ಯಾರು ಎಂದು ತಿರುಗಿ ನೋಡುವಷ್ಟರಲ್ಲಿ ಮಕ್ತುಮಬಿ ಮೊಮ್ಮಗಳಿಗೆ ಹೇಳುತ್ತಿದ್ದಳು. "ಬೇಟಿ, ಇದನ್ನ ಛಲೋತಂಗ ತೊಳಿ. ಶಾವಿಗಿ ಪಾಯಸ ಐತೆಲ್ಲ, ಇದರಾಗ ಹಾಕ್ಕೊಂಡ ಬಾ ಅಣ್ಣಗ. ನಮ್ಮ ಮನ್ಯಾಗ ಇದಕಿಂತ ಛಲೋ ಬಟ್ಟಲ ಇಲ್ಲ."

ಅವಳ ದನಿಯಲ್ಲಿ ಕೊಂಕು ಇದೆಯೇನೋ ಎಂದು ಅವನು ಕಿವಿಗೊಟ್ಟು ಆಲಿಸಿದ. ಇರಲಿಲ್ಲ. ಬೇನಜೀರ ಬಟ್ಟಲನ್ನು ಎರಡೂ ಕೈಯಲ್ಲಿ ತಂದು ಅವನ ಮುಂದೆ ಇಟ್ಟಳು. ಹಾಲು, ಶಾವಿಗೆ, ಏಲಕ್ಕಿ. ಬಿಳಿಯ ಹಾಲಿನ ಸುತ್ತ ನೀಲಿ ಅಂಚು. ಹುಬ್ಬಳ್ಳಿಯಲ್ಲಿ, ಮುಂಬೈಯಲ್ಲಿ ಎಷ್ಟು ಹೋಟೆಲುಗಳಲ್ಲಿ ಯಾರು ಯಾರ ಕೈಯಲ್ಲಿ ಉಂಡಿಲ್ಲ ತಾನು. ರಮಜಾನಿಗೆ ಮೆಣಸಿನಕಾಯಿ ಗಿರಾಕಿ ಜಾಕೀರ್ ಸೇಟ್ ಕಳಿಸುವ ಖರ್ಜೂರವನ್ನು ಅಂಗಡಿಯಲ್ಲೇ ಎಲ್ಲರೆದುರು ತಿನ್ನುತ್ತೇನಲ್ಲ, ಎಲ್ಲರಿಗೂ ಕಾಣಲಿ ಎಂದೇ ತಿನ್ನುತ್ತೇನಲ್ಲ. ಚಮಚೆ ತುಂಬ ತೆಗೆದು ಬಾಯಿಗಿಟ್ಟ. ಸಿಹಿ ನಾಲಿಗೆಗೆ ತಾಗಿತು. ಆಮೇಲೆ ಗಂಟಲು ಮುಚ್ಚಿತು. ಅವನು ಮುಚ್ಚಲಿಲ್ಲ, ಅದೇ ಮುಚ್ಚಿಕೊಂಡಿತು, ಒಳಗಿನಿಂದ ಯಾರೋ ಬೋಲ್ಟು ಹಾಕಿದ ಹಾಗೆ. ಎಂದೋ ಒಂದು ಮಧ್ಯಾಹ್ನ, ಮಕ್ತುಮಬಿಯ ಕೆಂಪು ಬೆರಳುಗಳು ರೊಟ್ಟಿ ಮುರಿದು ಪಲ್ಲೆಯಲ್ಲಿ ಅದ್ದಿ ಅವನ ಬಾಯಿಗೆ ಇಡುತ್ತಿವೆ, ಮೆಣಸಿನಕಾಯಿಯ ರಾಶಿಯ ನೆರಳು, ಅವನಿಗೆ ಇನ್ನೂ ಶಾಲೆಯ ವಯಸ್ಸಿಲ್ಲ, ರೊಟ್ಟಿ ಅವ್ವನೇ ಬಡಿದದ್ದು, ಪಲ್ಲೆ ಅವ್ವನೇ ಮೇಲಿನಿಂದ ಸುರಿದದ್ದು, ಬಟ್ಟಲು ಬರಿದಾದ ಹಾಗೆ ತಳದಲ್ಲಿ ಒಂದು ನೀಲಿ ಹೂವು ಅರಳಿ ಬರುತ್ತದೆ, ಅದನ್ನು ನೋಡಲಿಕ್ಕೆ ಅವನು ಇನ್ನೊಂದು ತುತ್ತು ಬೇಡುತ್ತಾನೆ, ಆಗ ಹಿಂದಿನಿಂದ ಬಂದ ಅವ್ವನ ಕೈ ಅವನನ್ನು ಎತ್ತಿ ಬಚ್ಚಲಿಗೆ ಒಯ್ದು ಬಾಯಲ್ಲಿ ಎರಡು ಬೆರಳು ಇಳಿಸುತ್ತದೆ, ಎಲ್ಲ ಹೊರಗೆ ಬರುವವರೆಗೂ, ಏನೂ ಉಳಿಯದೆ ಬರೀ ಹಳದಿ ನೀರು ಬರುವವರೆಗೂ. ಶಂಭುಲಿಂಗ ಎದ್ದು ಬಾಗಿಲಿಗೆ ಓಡಿ ಓಣಿಯ ಗಟಾರಿಗೆ ಬಗ್ಗಿದ. ಬಾಯೊಳಗಿನ ಹಾಲು, ಶಾವಿಗೆ ಎಲ್ಲ ಹೊರಗೆ ಬಿತ್ತು.

"ನೆತ್ತಿಗೇರಿತೇನಪಾ? ಯಾರೋ ನೆನಸಾಕತ್ತಾರ ನೋಡು," ಎಂದಳು ಒಳಗಿನಿಂದ ಮಕ್ತುಮಬಿ. "ಬೇಟಿ, ನೀರು ಕೊಡು."

ಬೇನಜೀರ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ನೀರಿನ ಲೋಟವನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಸರಿದು ನಿಂತಳು. ಆ ಲೋಟವನ್ನು ತೆಗೆದುಕೊಳ್ಳಲು ಬಗ್ಗಿದಾಗಿನ ಅವಮಾನ ಅವನ ಬೆನ್ನೆಲುಬಿನ ಉದ್ದಕ್ಕೂ ಇಳಿಯಿತು. ಬಾಯಿ ಮುಕ್ಕಳಿಸಿ ಒಳಗೆ ಬಂದವನು ಕೂರದೆ, ಯಾರ ಮುಖವನ್ನೂ ನೋಡದೆ, ಒಂದೇ ಉಸಿರಿಗೆ ಹೇಳಿದ. "ಮಕ್ತುಮಬಿ, ಇದು ಮುನ್ನೂರು ವರ್ಷದ್ದಂತ. ಖರೇ ಚೀನಾದ್ದಂತ. ಆರು ಲಕ್ಷ ಬೆಲೆ ಐತಂತ. ನಮ್ಮ ಹುಡುಗಿ ಒಬ್ಬಾಕಿ ತಿಳದಾಕಿ ನೋಡಿ ಹೇಳ್ಯಾಳ. ಅಕಿ ಇಲ್ಲೇ ಇರತಾಳ, ನಂಬರ್ ಕೊಡತೇನಿ." ಹೇಳುತ್ತಿದ್ದಾಗಲೇ ಅವನಿಗೆ ದಿಗ್ಭ್ರಮೆಯಾಯಿತು. ಇದನ್ನು ತಾನು ಸತ್ಯ ಎಂದು ಹೇಳುತ್ತಿಲ್ಲ. ಗಟಾರಿಗೆ ಉಗುಳಿದ್ದರ ಮೇಲೆ ಮಣ್ಣು ಎಳೆದ ಹಾಗೆ ಎಳೆಯುತ್ತಿದ್ದೇನೆ. ಜನ್ಮದಲ್ಲಿ ಮಾಡಿದ ಒಂದು ಪ್ರಾಮಾಣಿಕ ಕೆಲಸ ಹೀಗೆ ಗಂಟಲಿನಿಂದ ವಾಂತಿಯ ಬೆನ್ನಿಗೇ ಬಂತು.

ಮುದುಕಿ ಹೊಟ್ಟೆ ಅಲುಗಾಡುವ ಹಾಗೆ ನಗಲು ಶುರುಮಾಡಿದಳು, ಕೆಮ್ಮು ಬರುವವರೆಗೂ ನಕ್ಕಳು. "ಅಯ್ ಇವನ! ಹಂಗಾರ ನಿಮ್ಮ ಮನ್ಯಾಗ ಎಲ್ಲಾರಕಿಂತ ಭಾರಿ ಬಟ್ಟಲದಾಗ ಉಂಡಾಕಿ ನಾನ ಅಂದಂಗಾತು!"

ಬೇನಜೀರ ನಗಲಿಲ್ಲ. "ದಾದಿ, ಕೆಲಸ ಬಿಟ್ಟು ಬರಮುಂದ ಯಾಕ ಇದನ್ನ ತರಲಿಲ್ಲ ನೀ?"

"ಹೆಂಗ ತರಲಿ ಬೇಟಿ?" ಮಕ್ತುಮಬಿ ಕಣ್ಣೊರೆಸಿಕೊಂಡಳು, ನಗುವಿನ ನೀರೋ ಏನೋ. "ನಮ್ಮವ್ವನ ಬಟ್ಟಲ ಅಂತ ಒಯ್ದಿದ್ದೆ. ಅವರು ಎತ್ತರದಿಂದ ಸುರಿಯೂದು, ನಾ ಹಿಡಿಯೂದು, ಹಂಗ ಅದು ಬೇಡಿ ಹಿಡಿಯೂ ಬಟ್ಟಲ ಆತು. ಮನಿಗೆ ತಂದು ಅದರಾಗ ನಿಮ್ಮಪ್ಪಗ ಹೆಂಗ ಉಣ್ಣಾಕ ಹಾಕಲಿ? ಬಿಟ್ಟ ಬಂದೆ. ಭಾಳ ದಿನ ಕನಸಿನಾಗ ಬರತಿತ್ತು."

ಬೇನಜೀರ ಶಂಭುಲಿಂಗನ ಕಡೆ ತಿರುಗಿದಳು. "ಬೆಲಿದು ಬಂದ ಕೂಡಲೇ ಯಾಕ ಹೇಳಲಿಲ್ರಿ ನೀವು?"

ಅವನು ಸ್ನೇಹಾಳ ನಂಬರನ್ನು ಬೇನಜೀರಳ ಮೊಬೈಲಿಗೆ ಹೇಳಿದ. ಅಂಕಿ ತಪ್ಪಿ ಎರಡು ಸಲ ಹೇಳಬೇಕಾಯಿತು. ಪಾಯಸ ಹಾಗೇ ಇತ್ತು, ಮೇಲೆ ಕೆನೆ ಕಟ್ಟುತ್ತಿತ್ತು. ಮಕ್ತುಮಬಿ ಬಾಗಿಲವರೆಗೆ ಗೋಡೆ ಹಿಡಿದು ಬಂದು, ಅವನ ಭುಜ ಎಲ್ಲಿದೆ ಎಂದು ತಡಕಿ ಅದರ ಮೇಲೆ ಕೈ ಇಟ್ಟು, "ನೀ ತಂದು ಕೊಟ್ಟಿ. ಮತ್ತೊಬ್ಬರಾಗಿದ್ರ ತರತಿದ್ದಿಲ್ಲ," ಎಂದಳು. ಆ ಕೈಯ ಕೆಳಗಿನಿಂದ ಓಡಿಹೋಗದೆ ನಿಲ್ಲಲು ಅವನು ಹಲ್ಲು ಕಚ್ಚಬೇಕಾಯಿತು.

ಬ್ಯಾಡಗಿಗೆ ಬಂದಾಗ ಸಂಜೆಯ ಬಿಸಿಲು ಹಿತ್ತಲ ಗೋಡೆಯ ಮೇಲಿತ್ತು. ಸುರೇಖಾ ಅವನ ಬರಿಗೈ ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು. ನೀಲಗಂಗವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಸಿಕ್ಕಳೇನು?"

"ಸಿಕ್ಕಳು. ಕೊಟ್ಟ ಬಂದೆ."

"ನನ್ನ ಬೈದ್ಲೇನು?"

"ಇಲ್ಲ."

"ಒಂದ ಮಾತೂ?"

"ಇಲ್ಲವ್ವ. ಹೆಂಗದಾಳ ಅಂತ ಕೇಳಿದ್ಲು."

ನೀಲಗಂಗವ್ವ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು. ಅವಳ ಗದ್ದ ಅಲುಗುತ್ತಿತ್ತು. ಇಂಥ ಮುಖವನ್ನು ಅವನು ಅಪ್ಪ ಸತ್ತ ದಿನವೂ ನೋಡಿರಲಿಲ್ಲ. "ಬೈದಿದ್ರ ಛಲೋ ಇತ್ತು," ಎಂದಳು. ಆಮೇಲೆ, "ತಿನ್ನಾಕ ಏನರ ಕೊಟ್ಲೇನು ನಿನಗ?"

"ಶಾವಿಗಿ ಪಾಯಸ."

"ಯಾತರಾಗ?"

"ಅದ ಬಟ್ಟಲದಾಗ."

"ತಿಂದೇನು?"

ಅವ್ವ ಅವನನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಹೇಸಿಗೆ ಇರಲಿಲ್ಲ. ಏನೋ ಬೇಡುವ ಕಣ್ಣುಗಳು. ತನ್ನ ಬೆರಳು ಅಂದು ಹೊರಗೆ ತೆಗೆಸಿದ್ದು ಇಂದು ಮಗನ ಹೊಟ್ಟೆಯಲ್ಲಿ ಉಳಿದಿರಲಿ ಎಂದು ಅವಳು ಬೇಡುತ್ತಿದ್ದಳು.

"ತಿಂದೆ," ಎಂದ.

ನೀಲಗಂಗವ್ವ ದೊಡ್ಡದಾಗಿ ಉಸಿರು ಬಿಟ್ಟಳು. "ಎಲ್ಲಾ ತಿಂದೇನು? ಉಳಸಲಿಲ್ಲಲ್ಲ?"

"ಎಲ್ಲಾ."

"ನೀ ನನ್ನ ಮಗ ಖರೇ," ಎಂದಳು ಅವ್ವ. ಕಣ್ಣೀರು ಸುಕ್ಕಿನ ಗುಂಟ ಇಳಿದು ಬಾಯಿಗೆ ಬಂತು, ಅವಳು ಒರೆಸಿಕೊಳ್ಳಲಿಲ್ಲ. "ನನ್ನೂ ಕರಕೊಂಡ ಹೋಗು. ನಾಳೇನ ಹೋಗೂಣು. ನೀನೂ ನಾನೂ ಅಕಿ ಮುಂದ ಕುಂತು, ಅಕಿ ಕೈಲೆ ಹಾಕಿಸಿಕೊಂಡು ಉಂಡ ಬರೂಣು. ಸುರೇಖಾ, ಏ ಸುರೇಖಾ, ನನ್ನ ಇಲಕಲ್ ಸೀರಿ ತಗದಿಡವಾ."

ಶಂಭುಲಿಂಗ ಬಾಯಿ ತೆರೆದ. ಅವ್ವ ಈಗಲೇ ಹೊರಡುವವಳ ಹಾಗೆ ಮಂಚದಿಂದ ಕಾಲು ಇಳಿಬಿಟ್ಟು, ಅವನ ತೋಳು ಹಿಡಿದು, ನೆಲದ ಮೇಲೆ ಚಪ್ಪಲಿ ತಡಕುತ್ತಿದ್ದಳು.